ಪೇಷಂಟ್ ಕಡೆಯವರು

ದಾವಣಗೆರೆಗೂ ಚನ್ನಗಿರಿಗೂ ನಡುವೆ ಇರುವ ತ್ಯಾವಣಿಗೆ ಮಲೆನಾಡಿನ ಊರಲ್ಲ. ಅಲ್ಲಿ ನಿಂತು ನೋಡಿದರೆ ಕಣ್ಣಿಗೆ ಬೀಳುವುದು ಭತ್ತದ ಗದ್ದೆಗಳು, ಅಡಿಕೆ ತೋಟಗಳು. ಆದರೆ ಆ ಸೀಮೆಯ ಗದ್ದೆಗಳಿಗೆ ಹರಿಯುವ ನೀರು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಕುದುರೆಮುಖದ ಮಗ್ಗುಲಲ್ಲಿ ಸಾಗಿ, ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ತಂಗಿ, ಭದ್ರಾ ನಾಲೆಯ ಮೂಲಕ ಇಳಿದು ಬಂದದ್ದು. ಕುದುರೆಮುಖದ ಗಣಿಗಾರಿಕೆ 2002ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಡಿಸೆಂಬರ್ 31ರಂದು ನಿಂತಾಗ ಅದರ ಫಲ ಪಡೆದವರಲ್ಲಿ ಈ ಅಚ್ಚುಕಟ್ಟಿನ ರೈತರೂ ಸೇರಿದ್ದಾರೆ. ಘಟ್ಟಕ್ಕೂ ಬಯಲಿಗೂ ಇರುವ ಈ ನೀರಿನ ನಂಟನ್ನು ಪರಿಸರ ಚಳವಳಿ ಬಹುಕಾಲದಿಂದ ಹೇಳುತ್ತ ಬಂದಿದೆ. ಅದೇ ಎರಡು ಸೀಮೆಗಳಿಗೆ ಇನ್ನೊಂದು ನಂಟಿದೆ. ಮನೆಯಲ್ಲಿ ಒಬ್ಬರು ದೀರ್ಘಕಾಲದ ಕಾಯಿಲೆ ಬಿದ್ದರೆ ತೀರ್ಥಹಳ್ಳಿಯ ಕಾಡಂಚಿನ ದಂಪತಿ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಇಳಿಯುತ್ತಾರೆ, ತ್ಯಾವಣಿಗೆಯ ದಂಪತಿ ಚನ್ನಗಿರಿಗೋ ದಾವಣಗೆರೆಗೋ ಹೊರಡುತ್ತಾರೆ. ಒಮ್ಮೆ ಹೋಗಿ ಬಂದರೆ ಮುಗಿಯುವ ಕಾಯಿಲೆಯಾದರೆ ಮಾತು ಬೇರೆ. ವಾರವಾರವೂ ಹೋಗಬೇಕಾದ ಕಾಯಿಲೆಗಳಲ್ಲಿ ಆ ಮನೆಯ ಬೇಸಾಯ, ಬದುಕು, ನೀರಿನ ಸರದಿ ಎಲ್ಲವೂ ಆಸ್ಪತ್ರೆಯ ದಿನಚರಿಗೆ ಕಟ್ಟಿಬೀಳುತ್ತವೆ. ಈ ಸಂಗತಿಗೆ ಚಳವಳಿಯ ಪುಟಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಆಸ್ಪತ್ರೆಯ ಹೊರಾಂಗಣದಲ್ಲಿ ದಿನಕ್ಕೆ ಹತ್ತಾರು ಬಾರಿ ಕೇಳಿಬರುವ ಕೂಗೊಂದಿದೆ: 'ಪೇಷಂಟ್ ಕಡೆಯವರು ಯಾರ್ರೀ?' ಕೂಗಿಗೆ ಓಗೊಟ್ಟು ಎದ್ದು ಬರುವವರು ಹೆಚ್ಚಿನ ಸಂದರ್ಭಗಳಲ್ಲಿ ಹೆಂಡತಿ, ಇಲ್ಲವೇ ಗಂಡ. ಚೀಟಿ ಮಾಡಿಸುವುದು, ರಕ್ತದ ಮಾದರಿಯನ್ನು ಪ್ರಯೋಗಾಲಯಕ್ಕೆ ಒಯ್ಯುವುದು, ಔಷಧಿ ತರುವುದು, ಕಾರ್ಡಿನ ನೆರಳಚ್ಚು ತೆಗೆಸುವುದು, ರೋಗಿಯನ್ನು ಶೌಚಾಲಯಕ್ಕೆ ನಡೆಸಿಕೊಂಡು ಹೋಗುವುದು ಇವೆಲ್ಲವೂ ಅವರ ಪಾಲಿನ ಕೆಲಸ. ಕೆಲವು ಆಸ್ಪತ್ರೆಗಳಲ್ಲಿ ಅವರನ್ನು 'ಅಟೆಂಡರ್' ಎಂದು ಕರೆಯುತ್ತಾರೆ. ಸಂಬಳವಿಲ್ಲದ, ಕುಳಿತುಕೊಳ್ಳಲು ಕುರ್ಚಿಯೂ ಇಲ್ಲದ ಈ ಹುದ್ದೆಯಿಲ್ಲದೆ ಯಾವ ಸರ್ಕಾರಿ ಆಸ್ಪತ್ರೆಯೂ ಒಂದು ದಿನ ನಡೆಯಲಾರದು. ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ರೋಗಿಯಿದ್ದಾನೆ, ಹಾಸಿಗೆಯಿದೆ, ವೈದ್ಯರಿದ್ದಾರೆ, ಔಷಧಿಯಿದೆ. ಜೊತೆಗೆ ಬಂದವರಿಗೆ ಒಂದು ಕಲಮೂ ಇಲ್ಲ.

ಆ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಒಳ್ಳೆಯದು. ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವರಿಗೆ ಡಯಾಲಿಸಿಸ್ ವಾರಕ್ಕೆ ಮೂರು ಬಾರಿ ಆಗಬೇಕೆಂಬುದು ವೈದ್ಯರ ಸಾಮಾನ್ಯ ಸಲಹೆ. ಹಣ ಮತ್ತು ಯಂತ್ರಗಳ ಅಭಾವದಿಂದ ಈ ದೇಶದಲ್ಲಿ ಎರಡು ಬಾರಿಗೆ ತೃಪ್ತಿಪಟ್ಟುಕೊಳ್ಳುವವರು ಬಹಳ. ಒಂದು ಸರದಿಗೆ ನಾಲ್ಕು ತಾಸು. ಸೂಜಿ ಚುಚ್ಚುವ ಮುನ್ನಿನ ಕಾಯುವಿಕೆ, ಕಳಚಿದ ಮೇಲೆ ರಕ್ತ ನಿಲ್ಲುವವರೆಗಿನ ಕಾಯುವಿಕೆ, ರಕ್ತದೊತ್ತಡ ಕುಸಿದು ತಲೆಸುತ್ತಿದರೆ ಇನ್ನೊಂದು ತಾಸು. ಇದಕ್ಕೆ ಬಸ್ಸಿನ ಹೊತ್ತು ಸೇರಿಸಿದರೆ ಹಳ್ಳಿಯವರಿಗೆ ಒಂದು ಸರದಿಯೆಂದರೆ ಒಂದು ಇಡೀ ದಿನ. ವಾರಕ್ಕೆ ಎರಡಾದರೆ ವರ್ಷಕ್ಕೆ 104 ದಿನ, ಮೂರಾದರೆ 156 ದಿನ. ರೋಗಿಗೆ ಅಷ್ಟು ದಿನ, ಜೊತೆಗಾರರಿಗೂ ಅಷ್ಟೇ ದಿನ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಭರವಸೆ ಕೊಟ್ಟಾಗ ಅದು ದೊಡ್ಡ ಸಂಗತಿಯೆನಿಸಿತ್ತು. ಡಯಾಲಿಸಿಸ್‌ಗೆ ಹೋಗುವ ಮನೆಯಲ್ಲಿ ಜೊತೆಗಾರರೊಬ್ಬರೇ ಅದಕ್ಕಿಂತ ಹೆಚ್ಚು ದಿನ ಕಳೆದುಕೊಳ್ಳುತ್ತಾರೆ.

ದಿನಗಳ ಸಂಖ್ಯೆಗಿಂತ ಅವು ಯಾವ ದಿನಗಳು ಎಂಬುದು ಬೇಸಾಯಗಾರನಿಗೆ ಮುಖ್ಯ. ಭತ್ತದ ಸಸಿ ಇಪ್ಪತ್ತರಿಂದ ಇಪ್ಪತ್ತೈದು ದಿನದ್ದಿರುವಾಗ ನಾಟಿಯಾದರೆ ಚೆನ್ನಾಗಿ ತೆಂಡೆಯೊಡೆಯುತ್ತದೆ. ಸಸಿಮಡಿಯಲ್ಲೇ ನಲವತ್ತು ದಿನ ಉಳಿದ ಸಸಿಗೆ ಆ ಕಸುವು ಇರುವುದಿಲ್ಲ, ಎಷ್ಟು ಗೊಬ್ಬರ ಹಾಕಿದರೂ ಕಳೆದುಹೋದ ತೆಂಡೆ ಮರಳಿ ಬಾರದು. ನಾಟಿಯಾದ ಮೊದಲ ತಿಂಗಳು ಕಳೆ ತೆಗೆಯದಿದ್ದರೆ ಬೆಳೆಯ ಪಾಲನ್ನು ಕಳೆ ತಿನ್ನುತ್ತದೆ. ತೆನೆ ಗರ್ಭಕಟ್ಟುವ ಹೊತ್ತಿನಲ್ಲಿ ಗದ್ದೆ ಒಣಗಿದರೆ ಕಾಳು ಜೊಳ್ಳಾಗುತ್ತದೆ. ಇವುಗಳಲ್ಲಿ ಯಾವುದನ್ನೂ ಮುಂದಿನ ವಾರಕ್ಕೆ ತಳ್ಳುವಂತಿಲ್ಲ. ಭದ್ರಾ ಅಚ್ಚುಕಟ್ಟಿನಲ್ಲಿ ನಾಲೆಗೆ ನೀರು ಯಾವಾಗ ಬಿಡಬೇಕೆಂದು ನೀರಾವರಿ ಸಲಹಾ ಸಮಿತಿ ನಿರ್ಧರಿಸುತ್ತದೆ. 2023ರಂತಹ ಬರದ ವರ್ಷದಲ್ಲಿ ನಾಲೆಯನ್ನು ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಪದ್ಧತಿ ಬಂದಾಗ ದಾವಣಗೆರೆ ಭಾಗದ ರೈತರು ಬೀದಿಗಿಳಿದದ್ದು ಸುದ್ದಿಯಾಯಿತು. ಅಂಥ ವರ್ಷದಲ್ಲಿ ತೂಬಿನ ಬಳಿ ರಾತ್ರಿಯೆಲ್ಲ ಕಾದು ನಿಂತವನಿಗೆ ನೀರು, ನಿಲ್ಲಲಾರದವನಿಗೆ ಒಣಗಿದ ಮಡಿ. ಮಂಗಳವಾರವೂ ಶುಕ್ರವಾರವೂ ಹೆಂಡತಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಬೇಕಾದವನ ಸರದಿ ಅದೇ ಮಂಗಳವಾರ ಬಂದರೆ ಅವನು ಸೌಡಿಯನ್ನು ಬೇಡಬಹುದು, ಪಕ್ಕದ ಗದ್ದೆಯವನನ್ನು ಬೇಡಬಹುದು. ಯಂತ್ರದ ಸರದಿಯನ್ನು ಬೇಡಲಾಗದು. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರುಗಟ್ಟುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುವ ಅಪಾಯವಿದೆ.

ಅಚ್ಚುಕಟ್ಟಿನಲ್ಲಿ ಭತ್ತ ಹಿಂಜರಿದು ಅಡಿಕೆ ಮುಂದುವರಿಯುತ್ತಿರುವುದಕ್ಕೆ ಬೆಲೆ, ಕೂಲಿಯಾಳುಗಳ ಕೊರತೆ, ನೀರಿನ ಅನಿಶ್ಚಯ ಎಂಬ ಕಾರಣಗಳನ್ನು ಎಲ್ಲರೂ ಹೇಳುತ್ತಾರೆ. ಕಾಯಿಲೆಯನ್ನೂ ಆ ಪಟ್ಟಿಗೆ ಸೇರಿಸುವುದು ನ್ಯಾಯ. ಭತ್ತ ಕಾಯುವುದಿಲ್ಲ, ಅಡಿಕೆ ಕಾಯುತ್ತದೆ. ಮನೆಯಲ್ಲಿ ರೋಗಿಯಿರುವವರು ತೋಟವನ್ನು ಚೇಣಿಗೆ ಕೊಟ್ಟುಬಿಟ್ಟರೆ ಕೊಯ್ಲು, ಸುಲಿತ, ಬೇಯಿಸುವಿಕೆ ಯಾವುದರ ಗೊಡವೆಯೂ ಇಲ್ಲ. ಧಾರಣೆ ಏರುವ ಮೊದಲೇ ಮುಂಗಡ ಹಣಕ್ಕಾಗಿ ಒಪ್ಪಿಕೊಂಡ ಚೇಣಿಯಲ್ಲಿ ನಷ್ಟ ಯಾರದೆಂದು ಕೇಳಬೇಕಿಲ್ಲ. ಗದ್ದೆ ತೋಟವಾಗುವುದನ್ನು ಆಸೆಬುರುಕತನವೆಂದು ಜರೆಯುವ ಪರಿಸರವಾದಿಗಳು ಇದನ್ನು ಗಮನಿಸಬೇಕು.

ಚಿಕಿತ್ಸೆ ಉಚಿತವಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಈ ಎರಡು ದಶಕಗಳಲ್ಲಿ ಆಗಿರುವ ಒಳ್ಳೆಯ ಕೆಲಸವನ್ನು ಅಲ್ಲಗಳೆಯುವುದು ತಪ್ಪಾಗುತ್ತದೆ. ಬಡವರ ದೊಡ್ಡ ಕಾಯಿಲೆಗಳಿಗಾಗಿ ರಾಜ್ಯದಲ್ಲಿ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. 2016ರಲ್ಲಿ ಕೇಂದ್ರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ರಕ್ಷಣೆಯಿದೆ. ತಾಲ್ಲೂಕು ಮಟ್ಟದ ಆಸ್ಪತ್ರೆಗಳಿಗೂ ಡಯಾಲಿಸಿಸ್ ಯಂತ್ರಗಳು ಬಂದಿವೆ. ಹಿಂದಿನ ತಲೆಮಾರಿನಲ್ಲಿ ಕಿಡ್ನಿ ಹೋಯಿತೆಂದರೆ ಹೊಲ ಮಾರಿ ಕೆಲವು ತಿಂಗಳು ದೂಡುವುದಷ್ಟೇ ಉಳಿದಿತ್ತು. ಈಗ ರೋಗಿ ವರ್ಷಗಟ್ಟಲೆ ಬದುಕುತ್ತಾನೆ, ಬದುಕಬೇಕು. ಆದರೆ ಈ ಉಚಿತ ಆಸ್ಪತ್ರೆಯ ಬಾಗಿಲಿನಿಂದ ಒಳಕ್ಕೆ ಮಾತ್ರ ಅನ್ವಯವಾಗುತ್ತದೆ. ಬಾಗಿಲಿನವರೆಗಿನ ದಾರಿ, ಇಬ್ಬರ ಬಸ್ ಚಾರ್ಜು, ಮಧ್ಯಾಹ್ನದ ಊಟ, ತಪ್ಪಿದ ಕೂಲಿ ಇವೆಲ್ಲ ಮನೆಯ ಖರ್ಚು. 108ರ ಆಂಬುಲೆನ್ಸ್ 2008ರಿಂದ ರಾಜ್ಯದಲ್ಲಿ ಓಡುತ್ತಿದೆ, ಆದರೆ ಅದಿರುವುದು ತುರ್ತು ಸಂದರ್ಭಕ್ಕೆ. ಮೊದಲೇ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ, ವರ್ಷವಿಡೀ ಹೋಗಬೇಕಾದವರಿಗೆ ಅದು ಬಾರದು.

ಉಳಿದದ್ದು ಬಸ್ಸು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಗಂಡನನ್ನು ಕರೆದುಕೊಂಡು ಹೋಗುವ ಹೆಂಡತಿಗೆ ಇದು ದೊಡ್ಡ ಆಸರೆ. ಆದರೆ ದಾವಣಗೆರೆ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಅನೇಕ ಹಳ್ಳಿದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಶಕ್ತಿಯ ಶಕ್ತಿ ನಡೆಯದು. ಮಲೆನಾಡಿನವರಿಗೆ ಕೊಪ್ಪದ ಸಹಕಾರ ಸಾರಿಗೆಯ ನೆನಪಿರಬೇಕು. ಮುಚ್ಚಿಹೋದ ಖಾಸಗಿ ಕಂಪನಿಯ ಕಾರ್ಮಿಕರೇ 1991ರಲ್ಲಿ ಕಟ್ಟಿ, ಘಟ್ಟದ ಒಳದಾರಿಗಳಲ್ಲಿ ಮೂರು ದಶಕಗಳ ಹತ್ತಿರ ಬಸ್ಸು ಓಡಿಸಿದ ಆ ಸಂಸ್ಥೆ 2020ರಲ್ಲಿ ನಿಂತುಹೋಯಿತು. ಅದು ನಿಂತದ್ದನ್ನು ಸಾರಿಗೆಯ ಸುದ್ದಿಯಾಗಿ ಓದಲಾಯಿತು. ಬೆಳಗಿನ ಬಸ್ಸನ್ನೇ ನಂಬಿ ಆಸ್ಪತ್ರೆಯ ದಿನ ಗೊತ್ತುಮಾಡಿಕೊಂಡಿದ್ದ ಮನೆಗಳಿಗೆ ಅದು ಆರೋಗ್ಯದ ಸುದ್ದಿಯೂ ಆಗಿತ್ತು. ರೈಲ್ವೆ ಇಲಾಖೆ ಮಾತ್ರ ಒಂದು ವಿಷಯದಲ್ಲಿ ಎಲ್ಲರಿಗಿಂತ ಮುಂದಿದೆ: ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಡಯಾಲಿಸಿಸ್‌ಗೆ ಹೋಗುವ ಮೂತ್ರಪಿಂಡದ ರೋಗಿಗೂ ರಿಯಾಯಿತಿ ಕೊಡುವಾಗ ಜೊತೆಗಿರುವ ಒಬ್ಬರಿಗೂ ರಿಯಾಯಿತಿ ಕೊಡುತ್ತದೆ. ರೋಗಿ ಒಬ್ಬನೇ ಬರಲಾರನೆಂಬ ಸರಳ ಸತ್ಯವನ್ನು ಒಪ್ಪಿಕೊಂಡ ಸರ್ಕಾರಿ ನಿಯಮ ಅದು. ತ್ಯಾವಣಿಗೆಗೆ ರೈಲಿಲ್ಲ.

ದಾರಿ ಮುಚ್ಚಿದರೆ ಏನಾಗುತ್ತದೆಂಬುದನ್ನು ಕಾಸರಗೋಡಿನ ಕನ್ನಡಿಗರು 2020ರಲ್ಲಿ ಕಂಡರು. ಮಂಜೇಶ್ವರ, ಕುಂಬಳೆ, ಬದಿಯಡ್ಕಗಳ ಜನ ತಲೆಮಾರುಗಳಿಂದ ದೊಡ್ಡ ಕಾಯಿಲೆಗೆಂದು ಹೋಗುತ್ತಿದ್ದುದು ಮಂಗಳೂರಿಗೆ. ಕೋವಿಡ್ ಹಬ್ಬಿದಾಗ ಮಾರ್ಚ್ ತಿಂಗಳ ಕೊನೆಗೆ ಕರ್ನಾಟಕ ಸರ್ಕಾರ ತಲಪಾಡಿಯ ಗಡಿಯನ್ನು ಮುಚ್ಚಿತು, ಕೆಲವು ಒಳದಾರಿಗಳಿಗೆ ಮಣ್ಣು ಸುರಿಯಲಾಯಿತು. ಆಂಬುಲೆನ್ಸ್‌ಗಳು ಗಡಿಯಿಂದ ಹಿಂದಿರುಗಿದವು, ಚಿಕಿತ್ಸೆ ಸಿಗದೆ ಗಡಿನಾಡಿನಲ್ಲಿ ರೋಗಿಗಳು ಸತ್ತ ವರದಿಗಳು ಒಂದರ ಹಿಂದೊಂದು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರವಿಗೆ ಆದೇಶಿಸಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ರೋಗಿಗಳನ್ನು ಬಿಡುವ ವಿಧಾನಕ್ಕೆ ಎರಡೂ ರಾಜ್ಯಗಳು ಒಪ್ಪಿದ ಮೇಲೆ ಏಪ್ರಿಲ್ 7ರಂದು ಆ ವ್ಯಾಜ್ಯ ಮುಗಿಯಿತು. ಎಂಡೋಸಲ್ಫಾನ್ ಸುರಿದ ಗೇರುತೋಪುಗಳ ನೆಲವದು. ದೀರ್ಘಕಾಲದ ರೋಗಿಗಳು ಅಲ್ಲಿರುವರೆಂದು ಸರ್ಕಾರಗಳಿಗೂ ನ್ಯಾಯಾಲಯಗಳಿಗೂ ಮೊದಲೇ ತಿಳಿದಿತ್ತು. ಆದರೂ 2013ರಲ್ಲಿ ಶಿಲಾನ್ಯಾಸವಾದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡಕ್ಕೆ ರೋಗಿಗಳು ಕಾಲಿಟ್ಟದ್ದು ಆ ಏಪ್ರಿಲ್‌ನಲ್ಲಿ, ಅದೂ ಕೋವಿಡ್ ಆಸ್ಪತ್ರೆಯಾಗಿ. ಪಕ್ಕದ ರಾಜ್ಯದ ಊರು ಹತ್ತಿರವಿದೆಯೆಂದು ಒಂದು ಜಿಲ್ಲೆಗೆ ಆಸ್ಪತ್ರೆಯನ್ನು ತಡಮಾಡಿದ್ದರ ಬೆಲೆಯನ್ನು ರೋಗಿಗಳೂ ಅವರ ಗಂಡ ಹೆಂಡಿರೂ ತೆತ್ತರು.

ಪರಿಸರ ಚಳವಳಿಗೂ ಡಯಾಲಿಸಿಸ್‌ಗೂ ಏನು ಸಂಬಂಧ ಎನ್ನುವವರಿಗೆ ನೀರಿನ ಲೆಕ್ಕವೇ ಉತ್ತರ. ಯಂತ್ರದಲ್ಲಿ ರಕ್ತವನ್ನು ಶುದ್ಧಗೊಳಿಸುವ ದ್ರಾವಣ ನಿಮಿಷಕ್ಕೆ ಸುಮಾರು ಅರ್ಧ ಲೀಟರಿನಂತೆ ಹರಿಯುತ್ತದೆ. ನಾಲ್ಕು ತಾಸಿಗೆ 120 ಲೀಟರು, ವಾರಕ್ಕೆ ಮೂರು ಸರದಿಗೆ 360 ಲೀಟರು. ಇದು ಶುದ್ಧೀಕರಿಸಿದ ನೀರಿನ ಪ್ರಮಾಣ. ಶುದ್ಧೀಕರಣದಲ್ಲಿ ಹೊರಹೋಗುವ ನೀರನ್ನು ಸೇರಿಸಿದರೆ ಇನ್ನೂ ಹೆಚ್ಚು. ಆರೋಗ್ಯವಂತನು ಕುಡಿದ ನೀರಿಗೆ ಕರುಳಿನ ಕಾವಲಿದೆ, ಮೂತ್ರಪಿಂಡದ ಕಾವಲಿದೆ. ಡಯಾಲಿಸಿಸ್ ರೋಗಿಯ ರಕ್ತಕ್ಕೂ ಈ ನೀರಿಗೂ ನಡುವೆ ಇರುವುದು ತೆಳುವಾದ ಒಂದು ಪೊರೆ. 1996ರ ಫೆಬ್ರವರಿಯಲ್ಲಿ ಬ್ರೆಜಿಲ್ ದೇಶದ ಕರುವಾರು ಎಂಬ ಊರಿನ ಡಯಾಲಿಸಿಸ್ ಕೇಂದ್ರವೊಂದರಲ್ಲಿ ನೂರಕ್ಕೂ ಹೆಚ್ಚು ರೋಗಿಗಳು ಏಕಕಾಲಕ್ಕೆ ಅಸ್ವಸ್ಥರಾದರು. ಯಕೃತ್ತು ನಾಶವಾಗಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಕಾರಣ ಹುಡುಕಿದಾಗ ಸಿಕ್ಕಿದ್ದು ಜಲಾಶಯದಲ್ಲಿ ಬೆಳೆದಿದ್ದ ನೀಲಿಹಸಿರು ಪಾಚಿಯ ವಿಷ. ಸರಿಯಾಗಿ ಶುದ್ಧವಾಗದ ನೀರಿನೊಡನೆ ಅದು ನೇರ ರಕ್ತಕ್ಕೆ ಸೇರಿತ್ತು. ಹೊಲದಿಂದ ಕೊಚ್ಚಿಹೋದ ಗೊಬ್ಬರ ಮತ್ತು ಊರಿನ ಕೊಳಚೆ ಕೆರೆಗೆ ಸೇರಿದಲ್ಲಿ ಈ ಪಾಚಿ ಹುಲುಸಾಗುತ್ತದೆಂಬುದು ಕೃಷಿ ವಿದ್ಯಾರ್ಥಿಗಳಿಗೆ ಪಾಠದಲ್ಲೇ ಇದೆ. ಕೆರೆಯ ಪಾಚಿಯನ್ನು ಮೀನಿನ ಸಮಸ್ಯೆಯೆಂದೋ ವಾಸನೆಯ ಸಮಸ್ಯೆಯೆಂದೋ ನೋಡುವುದು ಸಾಕಾಗದು. ತಾಲ್ಲೂಕು ಆಸ್ಪತ್ರೆಯ ಶುದ್ಧೀಕರಣ ಘಟಕಕ್ಕೆ ಬರುವ ನೀರು ಗಡಸಾದಷ್ಟೂ ಕಲುಷಿತವಾದಷ್ಟೂ ಪೊರೆ ಬೇಗ ಕೆಡುತ್ತದೆ, ಯಂತ್ರ ನಿಲ್ಲುತ್ತದೆ. ಯಂತ್ರ ನಿಂತ ದಿನ ದಂಪತಿ ಇನ್ನೂ ದೂರದ ಊರಿನ ಬಸ್ಸು ಹತ್ತಬೇಕು. ಘಟ್ಟದ ಹಳ್ಳ ಹೊಳೆಗಳನ್ನು ಶುಚಿಯಾಗಿ ಉಳಿಸುವ ಹೋರಾಟ ಕಾಡಿನ ಪ್ರಾಣಿಗಳಿಗಷ್ಟೇ ಸಂಬಂಧಿಸಿದ್ದೆಂಬ ಅಪವಾದಕ್ಕೆ ಇದಕ್ಕಿಂತ ನೇರವಾದ ಜವಾಬು ಬೇಕಿಲ್ಲ.

ಕಾಯಿಲೆ ಬರುವುದಾದರೂ ಎಲ್ಲಿಂದ? ಬಹುಪಾಲು ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದಿಂದ. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಗುಳಿಗೆಯ ಪಾಲೂ ಇದೆ. ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತದ ಭತ್ತದ ರೈತರಲ್ಲಿ, ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನದಲ್ಲಿ, ಮಧ್ಯ ಅಮೆರಿಕದ ಕಬ್ಬು ಕಡಿಯುವವರಲ್ಲಿ ಈ ಎರಡೂ ಕಾಯಿಲೆಗಳಿಲ್ಲದೆ ಮೂತ್ರಪಿಂಡ ಸೋಲುವುದು ಕಂಡುಬಂದಿದೆ. ಬಿಸಿಲಿನಲ್ಲಿ ನೀರಿಲ್ಲದೆ ದುಡಿಯುವುದು, ಕೀಟನಾಶಕ, ಕುಡಿಯುವ ನೀರಿನ ಗಡಸುತನ ಮತ್ತು ಫ್ಲೋರೈಡ್ ಎಂದು ವಿಜ್ಞಾನಿಗಳಲ್ಲಿ ವಾದಗಳಿವೆ, ಒಮ್ಮತವಿಲ್ಲ. ಶ್ರೀಲಂಕಾ 2015ರಲ್ಲಿ ಕಳೆನಾಶಕ ಗ್ಲೈಫೋಸೇಟ್ ನಿಷೇಧಿಸಿ 2018ರಲ್ಲಿ ಚಹಾ ಮತ್ತು ರಬ್ಬರ್ ತೋಟಗಳಿಗೆ ಸಡಿಲಿಸಿತು. ಪುರಾವೆ ಕೂಡಿಬರುವ ಮೊದಲೇ ಒಂದೇ ಅಪರಾಧಿಯನ್ನು ಹೆಸರಿಸಿ ಘೋಷಣೆ ಕೂಗುವುದರಿಂದ ಚಳವಳಿಯ ಮಾತಿಗೆ ತೂಕ ಹೆಚ್ಚದು. ಬಾಯಿಗೆ ಬಟ್ಟೆ ಕಟ್ಟದೆ, ಬರಿಗೈಯಲ್ಲಿ ಔಷಧಿ ಕಲಸಿ, ಮಟಮಟ ಮಧ್ಯಾಹ್ನ ನೀರು ಕುಡಿಯದೆ ಸಿಂಪಡಿಸುವುದನ್ನು ನಿಲ್ಲಿಸಲು ಒಮ್ಮತ ಬರುವವರೆಗೆ ಕಾಯಬೇಕಾಗಿಯೂ ಇಲ್ಲ.

ಇನ್ನು ಮನೆಯೊಳಗಿನ ಮಾತು. ಆಸ್ಪತ್ರೆಗೆ ಹೋಗದ ದಿನಗಳಲ್ಲಿಯೂ ಚಿಕಿತ್ಸೆ ನಡೆಯುತ್ತಿರುತ್ತದೆ, ನಡೆಸುವವರು ಗಂಡ ಅಥವಾ ಹೆಂಡತಿ. ಕುಡಿಯುವ ನೀರನ್ನು ಅಳೆದು ಕೊಡಬೇಕು. ಸೂಜಿ ಚುಚ್ಚಲೆಂದು ರಕ್ತನಾಳ ಕೂಡಿಸಿದ ಕೈಯಲ್ಲಿ ಭಾರ ಎತ್ತದಂತೆ, ಆ ಕೈಗೆ ರಕ್ತದೊತ್ತಡದ ಪಟ್ಟಿ ಕಟ್ಟದಂತೆ ಕಾಯಬೇಕು. ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನಲ್ಲೇ ಸಾರು ಕಾಯಿಸುವುದು ಈ ನಾಡಿನ ರೂಢಿ. ಇವರ ಪಾಲಿಗೆ ಆ ಬಸಿದ ನೀರನ್ನೇ ಚೆಲ್ಲಬೇಕು, ಏಕೆಂದರೆ ತರಕಾರಿಯ ಪೊಟ್ಯಾಸಿಯಂ ಬಹಳಷ್ಟು ಇಳಿಯುವುದು ಅದರಲ್ಲಿ. ರೋಗಿಯನ್ನು ನೋಡಲು ಬರುವ ನೆಂಟರು ಪ್ರೀತಿಯಿಂದ ತರುವ ಎಳನೀರು, ಬಾಳೆಹಣ್ಣುಗಳೇ ಅಪಾಯ. ಮಲೆನಾಡಿನ ಹಿತ್ತಿಲಿನ ಧಾರೆಹುಳಿ ಮೂತ್ರಪಿಂಡ ಸೋತವರಿಗೆ ವಿಷಕ್ಕೆ ಸಮಾನ. ಬಿಕ್ಕಳಿಕೆಯಿಂದ ಆರಂಭವಾಗಿ, ಬುದ್ಧಿಭ್ರಮಣೆಯಾಗಿ, ಸಾವಿನವರೆಗೂ ಹೋಗಬಲ್ಲದು. ಬಿಂಬುಳಿಯ ರಸವನ್ನು ಲೋಟಗಟ್ಟಲೆ ಕುಡಿದು ಆರೋಗ್ಯವಂತರೇ ಮೂತ್ರಪಿಂಡ ಕೆಡಿಸಿಕೊಂಡ ಪ್ರಸಂಗಗಳು ಕೇರಳದಲ್ಲಿ ದಾಖಲಾಗಿವೆ. 'ಹಿತ್ತಿಲ ಗಿಡದಿಂದ ಕಿಡ್ನಿ ವಾಸಿ' ಎಂದು ಹೇಳಿಕೊಂಡು ತಿರುಗುವವರ ಮಾತಿಗೆ ಹಸಿರು ಬಳಗದವರೇ ಕಿವಿಗೊಡುವುದು ಹೆಚ್ಚು, ಆದ್ದರಿಂದ ಇದನ್ನು ಇಲ್ಲಿ ಹೇಳಬೇಕಾಯಿತು. ಇಷ್ಟೆಲ್ಲ ತಿಳಿವಳಿಕೆಯನ್ನು ಜೊತೆಗಾರರಿಗೆ ಕೂರಿಸಿ ಕಲಿಸುವವರು ಯಾರು? ಹೆಚ್ಚಿನ ಕಡೆ ಒಂದು ಅಚ್ಚಿನ ಹಾಳೆ ಕೈಗಿಡುವುದರಲ್ಲಿ ಅದು ಮುಗಿಯುತ್ತದೆ.

ಗಂಡ ಅಥವಾ ಹೆಂಡತಿ ಎಂದು ಈವರೆಗೆ ಸಮವಾಗಿ ಬರೆದದ್ದರಲ್ಲಿ ಒಂದು ಮರೆಮಾಚುವಿಕೆಯಿದೆ. ಗಂಡ ಕಾಯಿಲೆ ಬಿದ್ದರೆ ಹೆಂಡತಿ ಜೊತೆಗೆ ಹೋಗುವುದನ್ನು ಊರು ಸಹಜವೆಂದು ನೋಡುತ್ತದೆ. ಹೆಂಡತಿ ಕಾಯಿಲೆ ಬಿದ್ದರೆ 'ಸ್ವಲ್ಪ ದಿನ ತವರಿಗೆ ಹೋಗಿ ಬರಲಿ' ಎಂಬ ಮಾತು ಬೇಗ ಹುಟ್ಟುತ್ತದೆ, ಜೊತೆಗೆ ಹೋಗುವ ಹೊಣೆ ಅವಳ ತಾಯಿಗೋ ಅಕ್ಕನಿಗೋ ಬೀಳುತ್ತದೆ. 1995ರಿಂದ 2021ರವರೆಗೆ ದೇಶದಲ್ಲಿ ನಡೆದ 36,640 ಅಂಗಾಂಗ ಕಸಿಗಳಲ್ಲಿ ಹೆಂಗಸರಿಗೆ ಆದದ್ದು 6,945 ಮಾತ್ರ. ಜೀವಂತವಾಗಿರುವಾಗ ಅಂಗ ಕೊಟ್ಟವರಲ್ಲಿ ಮಾತ್ರ ಹೆಂಗಸರೇ ಹೆಚ್ಚು. 1994ರ ಕಾಯ್ದೆ ಗಂಡನನ್ನೂ ಹೆಂಡತಿಯನ್ನೂ ಒಂದೇ ಸಾಲಿನಲ್ಲಿ ಹತ್ತಿರದ ಸಂಬಂಧಿಯೆಂದು ಕರೆದಿದೆ. ಮೂತ್ರಪಿಂಡ ಕೊಡುವ ಹೊತ್ತಿಗೆ ಆ ಸಾಲಿನಲ್ಲಿ ನಿಲ್ಲುವವಳು ಹೆಂಡತಿ. ಹೊಲದಲ್ಲಿ ಸಮನಾಗಿ ದುಡಿದವಳ ಪ್ರಾಣಕ್ಕೆ ಬಸ್ ಚಾರ್ಜಿನ ಲೆಕ್ಕ ಹಾಕುವ ಗಂಡಸರು ಚಳವಳಿಯ ಸಭೆಗಳಲ್ಲೂ ಕುಳಿತಿರುತ್ತಾರೆ. ವಾರಕ್ಕೆ ಮೂರು ದಿನ ಹೆಂಡತಿಯ ಕೈ ಹಿಡಿದು ಬಸ್ಸು ಹತ್ತಿಸುವ ಗಂಡಂದಿರೂ ಇದ್ದಾರೆ. ಅವರನ್ನು 'ಹೆಂಡತಿಯ ಸೆರಗು ಹಿಡಿದವ' ಎಂದು ಹಾಸ್ಯ ಮಾಡುವ ಕಟ್ಟೆಗಳು ಇನ್ನೂ ಖಾಲಿಯಾಗಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಹಳ್ಳಿಗೊಂದು ದೊಡ್ಡ ಆಸ್ಪತ್ರೆ ಕೇಳುವುದು ವ್ಯರ್ಥ. ಹೋಗಬೇಕಾದ ದಿನಗಳನ್ನು ಕಡಿಮೆ ಮಾಡಿ ಎಂದು ಕೇಳುವುದು ಸಾಧ್ಯ, ಅದಕ್ಕೆ ವಿಜ್ಞಾನದ ಬೆಂಬಲವಿದೆ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರದ ವಿಕಿರಣ ಚಿಕಿತ್ಸೆ ಹಿಂದೆ ವಾರಕ್ಕೆ ಐದು ದಿನದಂತೆ ಐದು ವಾರ ನಡೆಯುತ್ತಿತ್ತು. ಮೂರು ವಾರದ ಚಿಕಿತ್ಸೆಯೂ ಅಷ್ಟೇ ಫಲ ಕೊಡುತ್ತದೆಂದು ಬ್ರಿಟನ್ನಿನ ಪ್ರಯೋಗಗಳು 2008ರಲ್ಲಿ ತೋರಿಸಿದವು. ಆಯ್ದ ರೋಗಿಗಳಿಗೆ ಒಂದೇ ವಾರದಲ್ಲಿ ಐದು ಸರದಿ ಸಾಕೆಂದು 2020ರಲ್ಲಿ ಇನ್ನೊಂದು ಪ್ರಯೋಗ ಹೇಳಿತು. ದಾವಣಗೆರೆಯಿಂದ ಬೆಂಗಳೂರಿನ ಕಿದ್ವಾಯಿಗೆ ಸುಮಾರು 260 ಕಿಲೋಮೀಟರು. ಅಲ್ಲಿ ಐದು ವಾರ ಕೋಣೆ ಹಿಡಿದು ಇರುವುದಕ್ಕೂ ಒಂದು ವಾರ ಇರುವುದಕ್ಕೂ ನಡುವೆ ಒಂದು ಬೆಳೆಯೇ ಉಳಿಯಬಹುದು. 'ನಮಗೆ ಕಡಿಮೆ ದಿನದ ಚಿಕಿತ್ಸೆ ಆಗುತ್ತದೆಯೇ ಡಾಕ್ಟರೇ?' ಎಂದು ಕೇಳುವ ಧೈರ್ಯವನ್ನು ಹಳ್ಳಿಯವರು ಬೆಳೆಸಿಕೊಳ್ಳಬೇಕು. ಆಗದು ಎಂದರೆ ಏಕೆಂದು ತಿಳಿದುಕೊಳ್ಳಬೇಕು.

ಡಯಾಲಿಸಿಸ್‌ಗೂ ಮನೆಯ ದಾರಿಯೊಂದಿದೆ. ಹೊಟ್ಟೆಗೆ ಶಾಶ್ವತವಾಗಿ ಕೂರಿಸಿದ ನಳಿಕೆಯ ಮೂಲಕ ದಿನಕ್ಕೆ ಮೂರು ನಾಲ್ಕು ಬಾರಿ ಎರಡು ಲೀಟರಿನ ದ್ರಾವಣದ ಚೀಲವನ್ನು ಬದಲಿಸುವ ಈ ಕ್ರಮದಲ್ಲಿ ಆಸ್ಪತ್ರೆಗೆ ತಿಂಗಳಿಗೊಮ್ಮೆ ಹೋದರೆ ಸಾಕಾಗುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನೂ ಡಯಾಲಿಸಿಸ್ ಕಾರ್ಯಕ್ರಮದೊಳಗೆ ತರಲು ಮಾರ್ಗಸೂಚಿ ಹೊರಡಿಸಿತು. ತೊಡಕುಗಳಿಲ್ಲವೆಂದಲ್ಲ. ಧೂಳಿಲ್ಲದ ಒಂದು ಕೋಣೆ ಬೇಕು, ಕೈ ತೊಳೆಯಲು ಶುದ್ಧ ನೀರು ಬೇಕು, ಎಚ್ಚರ ತಪ್ಪಿದರೆ ಹೊಟ್ಟೆಯೊಳಗೆ ಸೋಂಕು. ದಿನಕ್ಕೆ ನಾಲ್ಕರಂತೆ ತಿಂಗಳಿಗೆ 120 ಪ್ಲಾಸ್ಟಿಕ್ ಚೀಲಗಳು ಹಿತ್ತಿಲಲ್ಲಿ ರಾಶಿಬೀಳುವುದನ್ನು ಕಂಡು ಹಸಿರು ಮನಸ್ಸು ಮುಜುಗರಪಡಬಹುದು. ಮುಜುಗರಪಡುವವರು ಆ ಚೀಲಗಳನ್ನು ಪಂಚಾಯಿತಿಯ ಕಸದ ಗಾಡಿ ಬೇರೆಯಾಗಿ ಒಯ್ಯುವಂತೆ ಮಾಡಲಿ. ಅದು ಅವರಿಗೆ ಚೆನ್ನಾಗಿ ಗೊತ್ತಿರುವ ಕೆಲಸ.

ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಉಪಶಮನ ಆರೈಕೆಯ ಕೆಲಸ ಊರವರ ಸ್ವಯಂಸೇವೆಯಿಂದ ಬೆಳೆದು, 2008ರಲ್ಲಿ ಆ ರಾಜ್ಯದ ಅಧಿಕೃತ ನೀತಿಯಾಯಿತು. ಹಾಸಿಗೆ ಹಿಡಿದವರ ಮನೆಗೆ ಪಂಚಾಯಿತಿಯ ನರ್ಸ್ ಬರುತ್ತಾರೆ, ಜೊತೆಗೆ ಅದೇ ಊರಿನ ಸ್ವಯಂಸೇವಕರು ಬರುತ್ತಾರೆ. ಕರ್ನಾಟಕದ ಹಳ್ಳಿಗಳಿಗೆ ಇಂಥದ್ದು ಹೊಸದೆನಿಸಬೇಕಿಲ್ಲ. ಮುಯ್ಯಾಳು ಎಂಬ ಪದ್ಧತಿ ಇಲ್ಲಿತ್ತು. ಇಂದು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು ಎಂಬ ಆ ಕೊಡುಕೊಳ್ಳುವಿಕೆಯನ್ನು ಗುತ್ತಿಗೆ ನಾಟಿ ಮತ್ತು ಕಟಾವು ಯಂತ್ರ ಬಹಳ ಮಟ್ಟಿಗೆ ಅಳಿಸಿವೆ. ನಾಟಿಗೆ ಅದು ಮರಳಿ ಬರಲಾರದು. ಆಸ್ಪತ್ರೆಯ ಮನೆಗಳಿಗಾಗಿ ಬರಬಹುದು: ತಿಂಗಳಿಗೆ ಎರಡು ಸರದಿಗೆ ನೆರೆಮನೆಯವರೊಬ್ಬರು ರೋಗಿಯ ಜೊತೆ ಹೋದರೆ ಹೆಂಡತಿಗೆ ಎರಡು ದಿನ ಉಳಿಯುತ್ತವೆ. ಊರಿನ ಕಾಲೇಜು ವಿದ್ಯಾರ್ಥಿಗಳು ಹೇಗೂ ದಾವಣಗೆರೆಯ ಬಸ್ಸಿನಲ್ಲೇ ಹೋಗುತ್ತಾರೆ. ಒಂದು ಚೀಟಿ ಮಾಡಿಸಿಕೊಡುವುದು, ಒಂದು ತಿಂಗಳ ಔಷಧಿ ತಂದುಕೊಡುವುದು ಅವರ ಕೈಯಲ್ಲಿ ಆಗುವ ಕೆಲಸ.

ಉಳಿದವು ಗ್ರಾಮಸಭೆಯಲ್ಲಿ ಬರೆಸಬೇಕಾದ ಬೇಡಿಕೆಗಳು. ವಾರದಲ್ಲಿ ಎರಡು ಬಾರಿಗಿಂತ ಹೆಚ್ಚು ಹೋಗುವ ರೋಗಿಗೂ ಜೊತೆಗಾರರೊಬ್ಬರಿಗೂ ಪ್ರಯಾಣ ಭತ್ಯೆ, ಅದು ಖಾಸಗಿ ಬಸ್ಸಿನ ಟಿಕೆಟ್ಟಿಗೂ ಸಲ್ಲಬೇಕು. ದೂರದ ಹಳ್ಳಿಯವರಿಗೆ ಡಯಾಲಿಸಿಸ್‌ನ ಬೆಳಗಿನ ಸರದಿ, ಸಂಜೆಯ ಕೊನೆಯ ಬಸ್ಸು ತಪ್ಪದಂತೆ. ಆಸ್ಪತ್ರೆಯ ಶುದ್ಧೀಕರಣ ಘಟಕದ ನೀರಿನ ಪರೀಕ್ಷೆಯ ಫಲಿತಾಂಶ ಘಟಕದ ಬಾಗಿಲಲ್ಲೇ ತೂಗುಹಾಕಿರಬೇಕು, ಕನ್ನಡದಲ್ಲಿ. ಜನವರಿಯಲ್ಲಿ ಬೇಸಿಗೆ ಬೆಳೆಗೆ ನಾಲೆಗೆ ನೀರು ಬಿಡುವ ಮುನ್ನ ನೀರು ಬಳಕೆದಾರರ ಸಂಘ ತೂಬುವಾರು ಸರದಿ ಬರೆಯುವಾಗ, ಆಸ್ಪತ್ರೆಗೆ ಹೋಗುವ ಮನೆಗಳ ವಾರಗಳನ್ನು ಮೊದಲು ಕೇಳಿಕೊಂಡು, ಆ ವಾರಗಳನ್ನು ಬಿಟ್ಟು ಅವರ ಗದ್ದೆಯ ಸರದಿ ಹಾಕಬೇಕು. ಈ ಕೊನೆಯ ಬೇಡಿಕೆಗೆ ಬೆಂಗಳೂರಿನ ಆದೇಶ ಬೇಕಿಲ್ಲ, ಹಣವೂ ಬೇಕಿಲ್ಲ. ಸಂಘದ ಪುಸ್ತಕದಲ್ಲಿ ಒಂದು ಕಲಮು ಹೆಚ್ಚಾಗಿ ಗೆರೆ ಎಳೆದರೆ ಮುಂದಿನ ನೀರಿನಿಂದಲೇ ಆರಂಭಿಸಬಹುದು.